ಸ್ಟೆಲೆನ್‌ಬಾಷ್‌ನಲ್ಲಿ ‘ಹಳೇ ಕೇಪ್ ಬ್ಲೆಂಡ್’ ಅಂತ ಕೊಟ್ಟರೆ ಮೊದಲು ಬಾಟಲಿಯ ಕತ್ತು ನೋಡಿ

ಕೇಪ್‌ಟೌನ್‌ಗೆ ಬರುವ ನಮ್ಮವರು ಟೇಬಲ್ ಮೌಂಟನ್ ನೋಡಿದ ಮೇಲೆ ಸ್ಟೆಲೆನ್‌ಬಾಷ್ ಕಡೆಯ ದ್ರಾಕ್ಷಿತೋಟಗಳಿಗೆ ಹೋಗಿಯೇ ಹೋಗುತ್ತಾರೆ. ಹೋಗಿ, ಜಾಗ ಚೆನ್ನಾಗಿದೆ. ಆದರೆ ದಾರಿಯಲ್ಲಿ ಟೂರ್ ಡ್ರೈವರ್ ತಾನಾಗಿ ಗಾಡಿ ನಿಲ್ಲಿಸುವ ಅಂಗಡಿಗಳಿವೆಯಲ್ಲ, ಅಲ್ಲಿ ಹುಷಾರು. ಕಳೆದ ಬೇಸಿಗೆಯಲ್ಲಿ (ಇಲ್ಲಿ ಬೇಸಿಗೆ ಅಂದರೆ ಡಿಸೆಂಬರ್, ಜನವರಿ) ಮೈಸೂರಿನಿಂದ ಬಂದಿದ್ದ ನಮ್ಮ ಭಾವನಿಗೆ ಅಂಥ ಒಂದು ಅಂಗಡಿಯಲ್ಲಿ ನೀಟಾಗಿ ಟೋಪಿ ಹಾಕಿದರು.

ಅಂಗಡಿಯವನ ಮಾತು ಸೊಗಸಾಗಿತ್ತಂತೆ. ಇದು ‘ಹಳೇ ಕೇಪ್ ಬ್ಲೆಂಡ್’, ಅಂದರೆ ಹಲವು ತಳಿ ಬೆರೆಸಿದ ಕೇಪಿನ ಸಾಂಪ್ರದಾಯಿಕ ಕೆಂಪು ವೈನ್, 300 ವರ್ಷದಿಂದ ಒಂದೇ ಮನೆತನದವರು ಇದೇ ಹದದಲ್ಲಿ ಬೆರೆಸುತ್ತಾ ಬಂದಿದ್ದಾರೆ, ಪಿನೊಟಾಜ್ ದ್ರಾಕ್ಷಿ ಜೊತೆ ಕ್ಯಾಬರ್ನೆ, ಮೆರ್ಲೊ ತಳಿಗಳೂ ಇವೆ, 2004ರ ಮಾಲು, ಇನ್ನು ಸಿಗೋದಿಲ್ಲ ಅಂತ. ಬಾಟಲಿಗೆ ದಾರ ಕಟ್ಟಿ ಹಳದಿ ಚೀಟಿ ನೇತುಹಾಕಿದ್ದರು, ಅದರ ಮೇಲೆ ಕೈಬರಹದಲ್ಲಿ ಇಸವಿ. ಬೆಲೆ ಮಾತ್ರ ಹೆಸರಾಂತ ತೋಟದ ಮೂರು ಬಾಟಲಿ ಬರುವಷ್ಟು. ಭಾರತಕ್ಕೆ ಸುಂಕವಿಲ್ಲದೆ ಒಯ್ಯಲು ತಲೆಗೆ 2 ಲೀಟರ್ ಮಿತಿ ಇರುವುದರಿಂದ ಭಾವ ಎರಡಕ್ಕೇ ನಿಲ್ಲಿಸಿದರು. ಕಸ್ಟಮ್ಸ್‌ನವರ ಪುಣ್ಯ.

ಒಂದನ್ನು ನಮ್ಮ ಮನೆಯಲ್ಲೇ ತೆಗೆದೆವು. ಕಾರ್ಕ್ ಬಾಟಲಿಯ ಬಾಯಿಗಿಂತ ಮೇಲಕ್ಕೆ ಉಬ್ಬಿತ್ತು. ಮೇಲಿನ ಹಾಳೆ ಬಿಚ್ಚಿದರೆ ಒಳಗೆ ವೈನ್ ಸೋರಿ ಒಣಗಿದ ಅಂಟು. ಬಿಸಿಲಿಗೆ ಕಾದ ಬಾಟಲಿಯ ಲಕ್ಷಣ ಇದು. ಒಳಗಿನ ದ್ರವ ಹಿಗ್ಗಿ ಕಾರ್ಕನ್ನು ತಳ್ಳುತ್ತದೆ, ಆಮೇಲೆ ಗಾಳಿ ಒಳಗೆ ಹೋಗುತ್ತದೆ. ಹಳೆಯ ಕೆಂಪು ವೈನ್ ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುವುದು ಸಹಜ, ಅದಕ್ಕೆ ಹೆದರಬೇಕಾಗಿಲ್ಲ. ಇದು ಇಡೀ ಕಂದಾಗಿತ್ತು, ವಿನೆಗರ್ ಘಾಟು ಬೇರೆ. “ಅಲ್ಲಪ್ಪಾ, ಇದು ಮೂರು ದಿನದ ಹುಣಸೆ ರಸ ಇದ್ದಂಗಿದೆಯಲ್ಲೋ” ಅಂದರು ಭಾವ. ಅಕ್ಕ ಮುಖ ಮುಚ್ಚಿಕೊಂಡು ನಕ್ಕಳು.

ಆಮೇಲೆ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಕತ್ತಿನ ಮೇಲೆ ಸೀಲ್ ಇರಲಿಲ್ಲ. ನೀವು ಮುಖ್ಯವಾಗಿ ನೋಡಬೇಕಾದದ್ದು ಇದನ್ನೇ. ದಕ್ಷಿಣ ಆಫ್ರಿಕಾದಲ್ಲಿ 1973ರಿಂದ ‘ವೈನ್ ಆಫ್ ಒರಿಜಿನ್’ ಅನ್ನುವ ಪದ್ಧತಿ ಇದೆ. ವೈನನ್ನು ಪರೀಕ್ಷೆಗೆ ಕೊಟ್ಟು ಪ್ರಮಾಣಪತ್ರ ಪಡೆದರೆ ಮಾತ್ರ ದ್ರಾಕ್ಷಿ ಯಾವ ತಳಿ, ಬೆಳೆದದ್ದು ಎಲ್ಲಿ, ಯಾವ ವರ್ಷದ ಕೊಯ್ಲು ಅಂತ ಲೇಬಲ್ ಮೇಲೆ ಹಾಕಬಹುದು. ಹಾಗೆ ಪಾಸಾದ ಬಾಟಲಿಯ ಕತ್ತಿನ ಮೇಲೆ ನಂಬರ್ ಇರುವ ಸಣ್ಣ ಸೀಲ್ ಅಂಟಿಸಿರುತ್ತಾರೆ. ಪ್ರಮಾಣಪತ್ರ ಇಲ್ಲದ ವೈನನ್ನೂ ಮಾರಬಹುದು, ಆದರೆ ಈ ಮೂರನ್ನು ಹೇಳುವಂತಿಲ್ಲ.

ಈಗ ಭಾವನ ಬಾಟಲಿಯ ಲೇಬಲ್ ಓದಿದರೆ ಎಲ್ಲ ಅರ್ಥವಾಗುತ್ತದೆ. ಅಚ್ಚಾದ ಲೇಬಲ್‌ನಲ್ಲಿ ಇಸವಿ ಇಲ್ಲ, ತಳಿ ಇಲ್ಲ, ಊರೂ ಇಲ್ಲ. ಒಂದು ಹಳೇ ಡಚ್ ಮನೆಯ ಚಿತ್ರ, ‘ರೆಡ್’ ಅನ್ನುವ ಪದ, ಆಲ್ಕೋಹಾಲ್ ಪ್ರಮಾಣ, ಅಷ್ಟೇ. ಉಳಿದದ್ದೆಲ್ಲ ಅಂಗಡಿಯವನ ಬಾಯಲ್ಲಿ ಮತ್ತು ಹಳದಿ ಚೀಟಿಯಲ್ಲಿ. ಸೀಲ್ ಇಲ್ಲದ್ದೆಲ್ಲ ಕೆಟ್ಟದ್ದು ಅಂತಲ್ಲ, ಅಗ್ಗದ ಬಾಟಲಿ ತಗೊಂಡು ಸಂಜೆ ಕುಡಿದು ಮುಗಿಸುವವರಿಗೆ ತೊಂದರೆ ಏನಿಲ್ಲ. ಇಸವಿಯ ಹೆಸರಲ್ಲಿ ಜಾಸ್ತಿ ದುಡ್ಡು ಕೇಳಿದಾಗ ಮಾತ್ರ ಆ ಇಸವಿ ಲೇಬಲ್‌ನಲ್ಲೂ ಇರಬೇಕು, ಕತ್ತಿನಲ್ಲಿ ಸೀಲೂ ಇರಬೇಕು.

ಇನ್ನು ಆ 300 ವರ್ಷದ ಕಥೆ. ಕೇಪಿನಲ್ಲಿ ವೈನ್ ಹಳೆಯದು ನಿಜ, ಇಲ್ಲಿನ ದ್ರಾಕ್ಷಿಯಿಂದ ಮೊದಲ ವೈನ್ ಹಿಂಡಿದ್ದನ್ನು ಇಲ್ಲಿ ಡಚ್ಚರ ನೆಲೆ ಹೂಡಿದ ಯಾನ್ ವಾನ್ ರೀಬೆಕ್ 1659ರ ಫೆಬ್ರವರಿ 2ರಂದು ದಿನಚರಿಯಲ್ಲಿ ಬರೆದಿದ್ದಾನೆ. ಆದರೆ ಪಿನೊಟಾಜ್ ಅನ್ನುವ ತಳಿ ಹುಟ್ಟಿದ್ದೇ 1925ರಲ್ಲಿ. ಸ್ಟೆಲೆನ್‌ಬಾಷ್‌ನಲ್ಲಿ ಅಬ್ರಹಾಂ ಪೆರೋಲ್ಡ್ ಅನ್ನುವ ಪ್ರೊಫೆಸರ್ ಪಿನೋ ನ್ವಾರ್ ಮತ್ತು ಸಾಂಸೊ ತಳಿಗಳನ್ನು ಕಸಿ ಸೇರಿಸದೆ ಪರಾಗದಿಂದಲೇ ಬೆರೆಸಿ ಮಾಡಿದ್ದು. ಆ ಹೆಸರು ಲೇಬಲ್ ಮೇಲೆ ಬಂದದ್ದು 1961ರಲ್ಲಿ. ಪಿನೊಟಾಜ್ ಹಾಕಿ 300 ವರ್ಷದಿಂದ ಬೆರೆಸೋದು ಹೇಗೆ, ನೀವೇ ಹೇಳಿ. ಕ್ಯಾಬರ್ನೆ, ಮೆರ್ಲೊ ಸೇರಿಸುವ ಫ್ರಾನ್ಸಿನ ಬೋರ್ಡೊ ಶೈಲಿಯ ಬ್ಲೆಂಡ್‌ಗಳೂ ಇಲ್ಲಿ ಹೆಸರು ಮಾಡಿದ್ದು 1980ರ ಆಸುಪಾಸಿನಲ್ಲಿ. ಮೀರ್‌ಲುಸ್ಟ್‌ನವರ ತೋಟದ ಅಂಥ ವೈನ್ ರೂಬಿಕಾನ್ ಶುರುವಾದದ್ದು 1980ರ ಕೊಯ್ಲಿನಿಂದ.

‘ಕೇಪ್ ಬ್ಲೆಂಡ್’ಗೆ ಕಾನೂನಿನಲ್ಲಿ ಸೂತ್ರವೂ ಇಲ್ಲ. ಪಿನೊಟಾಜ್ ಬೆಳೆಗಾರರ ಸ್ಪರ್ಧೆಗೆ ಕಳಿಸಬೇಕಾದರೆ 30ರಿಂದ 70 ಶೇಕಡಾ ಪಿನೊಟಾಜ್ ಇರಬೇಕು ಅನ್ನುವ ನಿಯಮವಿದೆ, ಸ್ಪರ್ಧೆಯ ಹೊರಗೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಹಾಗಾಗಿ ಹಿಂದಿನ ಲೇಬಲ್‌ನಲ್ಲಿ ತಳಿಗಳ ಪಾಲು ಓದಿ. ಹಳೇ ಬಾಟಲಿಯೇ ಬೇಕಿದ್ದರೆ ತೋಟದವರನ್ನೇ ಕೇಳಿ, ಅವರ ತಂಪು ನೆಲಮಾಳಿಗೆಯಲ್ಲಿ ಮಲಗಿಸಿಟ್ಟದ್ದನ್ನು ತಗೊಳ್ಳಿ. ಬಿಸಿಲು ಬೀಳುವ ಗಾಜಿನ ಕಿಟಕಿಯಲ್ಲಿ ನಿಲ್ಲಿಸಿಟ್ಟದ್ದು ಎಷ್ಟೇ ಹಳೆಯದಾಗಿರಲಿ, ಬೇಡ.

ಮಾರನೇ ದಿನ ನಾನೂ ಭಾವನೂ ವಾಪಸ್ ಹೋದೆವು. ಗೋಡೆಯ ಮೇಲೆ ‘ಮಾರಿದ ಮಾಲು ವಾಪಸಿಲ್ಲ’ ಅನ್ನುವ ಬೋರ್ಡ್ ತೋರಿಸಿದರು. ಇಲ್ಲಿನ 2008ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ಮಾಲನ್ನು 6 ತಿಂಗಳೊಳಗೆ ಹಿಂತಿರುಗಿಸುವ ಹಕ್ಕಿದೆ, ಬೋರ್ಡ್ ಹಾಕಿದರೆ ಅದು ಹೋಗುವುದಿಲ್ಲ ಅಂದೆ. ರಸೀದಿ ಕೈಯಲ್ಲಿತ್ತು, ಅದರಲ್ಲಿ ಬರೀ ‘ವೈನ್’ ಅಂತಿತ್ತು, 2004 ಅಂತ ಎಲ್ಲೂ ಇಲ್ಲ. ಜಗ್ಗಾಡಿದ ಮೇಲೆ ತೆರೆಯದ ಬಾಟಲಿಯ ಹಣ ಕೊಟ್ಟರು. ತೆರೆದದ್ದಕ್ಕೆ ಬದಲಾಗಿ ಕಿಟಕಿಯಿಂದ ಅಂಥದ್ದೇ ಇನ್ನೊಂದು ಎತ್ತಿ ಕೊಡಲು ಬಂದರು. ಅದಕ್ಕೂ ಹಳದಿ ಚೀಟಿ ಇತ್ತು, 1998 ಅಂತ.