ಜೆಪಿಎಲ್‌ನ ಸ್ಮಾಲ್ ಬಾಡಿ ಡೇಟಾಬೇಸ್: ವೆಸ್ಟಾ ಹಿಂದೆ ಬಿದ್ದು ಬಳಸಿ ನೋಡಿದ್ದು

ಕ್ಷುದ್ರಗ್ರಹದ ಬಗ್ಗೆ ಏನೇ ಬೇಕಾದರೂ ನಾನು ಈಗ ಮೊದಲು ತೆರೆಯುವುದು ನಾಸಾದ ಪ್ರಯೋಗಾಲಯ ಜೆಪಿಎಲ್ ನಡೆಸುವ ಈ ತಾಣವನ್ನೇ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ. ಆದರೆ ನನಗೆ ಹಿಡಿಸಿದ್ದು ಅದಲ್ಲ. ಕಕ್ಷೆಯ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಎಷ್ಟು ಆಚೀಚೆ ಆಗಬಹುದು ಅಂತ ಬರೆದಿರುತ್ತಾರೆ, ಅದು.

ಇದಕ್ಕೂ ಮೊದಲು ಒಂದು ಮೊಬೈಲ್ ಆ್ಯಪ್ ನಂಬಿದ್ದೆ, ಹೆಸರು ಬೇಡ ಬಿಡಿ. ವೆಸ್ಟಾ ಅನ್ನೋ ಕ್ಷುದ್ರಗ್ರಹ ನೋಡಲೇಬೇಕು ಅಂತ ಮೂರು ರಾತ್ರಿ ಬೈನಾಕ್ಯುಲರ್ ಹಿಡಿದು ಕೂತು, ಕಂಡಿದ್ದನ್ನೆಲ್ಲ ಹಾಳೆ ಮೇಲೆ ಚುಕ್ಕಿ ಚುಕ್ಕಿಯಾಗಿ ಬರೆದುಕೊಂಡು, ಕೊನೆಗೆ ಹೋಲಿಸಿದರೆ ನಾನು ಸುತ್ತು ಹಾಕಿದ್ದ ಚುಕ್ಕಿ ಕದಲಿಯೇ ಇಲ್ಲ. ಸುಮ್ನೆ ಒಂದು ನಕ್ಷತ್ರ! ಆ್ಯಪ್‌ನಲ್ಲಿದ್ದ ಕಕ್ಷೆಯ ಅಂಕಿಗಳು ವರ್ಷಗಳಷ್ಟು ಹಳೆಯವು. ಗುರುಗ್ರಹದಂಥವು ಎಳೆಯುತ್ತಲೇ ಇರುವುದರಿಂದ ಕ್ಷುದ್ರಗ್ರಹಗಳ ದಾರಿ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ, ಹಾಗಾಗಿ ಅಂಕಿ ಯಾವ ದಿನದ್ದು ಅನ್ನೋದು ಗೊತ್ತಿರಬೇಕು. ಜೆಪಿಎಲ್ ಪುಟದಲ್ಲಿ ಆ ದಿನಾಂಕ ಪಟ್ಟಿಯ ತಲೆಬರಹದಲ್ಲೇ ಇದೆ.

ಹುಡುಕೋದು ಸುಲಭ. ವೆಸ್ಟಾ ಹೆಸರು ಕೊಡಿ, ಇಲ್ಲ ಅದರ ಕ್ರಮಸಂಖ್ಯೆ, ಬರೀ 4 ಅಂತ ಹಾಕಿ. ಸೂರ್ಯನಿಂದ ಸರಾಸರಿ ದೂರ 2.36 ಖಗೋಳ ಮಾನ, ಅಂದರೆ ಭೂಮಿಗೂ ಸೂರ್ಯನಿಗೂ ಇರುವ ದೂರದ 2.36 ಪಟ್ಟು. ಹತ್ತಿರ ಬಂದಾಗ 2.15, ದೂರ ಹೋದಾಗ 2.57. ಭೂಮಿಯ ಕಕ್ಷೆಗೆ ಹೋಲಿಸಿದರೆ 7.1 ಡಿಗ್ರಿ ಓರೆ. ಒಂದು ಸುತ್ತಿಗೆ 3.63 ವರ್ಷ. ಇದನ್ನು ನಾನೇ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿದೆ: 2.36ರ ಘನ ಸುಮಾರು 13.14, ಅದರ ವರ್ಗಮೂಲ ತೆಗೆದರೆ ಅದೇ 3.63. ಕೆಪ್ಲರ್ ನಿಯಮ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಖುಷಿಯಾಗಿದ್ದು ಈಗ.

ಒಂದು ಗೊಣಗಾಟ ಇದೆ. ಪಟ್ಟಿಯಲ್ಲಿ ಜಾಸ್ತಿ ಇರೋದು ಒಂಟಿ ಅಕ್ಷರಗಳು: ಎ (ಸರಾಸರಿ ದೂರ), ಇ (ಕಕ್ಷೆ ಎಷ್ಟು ಮೊಟ್ಟೆಯಾಕಾರ ಅನ್ನೋದು), ಐ (ಓರೆ), ಕ್ಯೂ. ಕ್ಯೂ ಅಂತೂ ಎರಡಿವೆ, ಸಣ್ಣದು ಹತ್ತಿರದ ದೂರ, ದೊಡ್ಡದು ಅತಿ ಹೆಚ್ಚಿನ ದೂರ. ಹೊಸಬರು ಇಲ್ಲೇ ತಬ್ಬಿಬ್ಬಾಗ್ತಾರೆ.

ಪತ್ತೆಯಾದ ವಿವರವೂ ಚುಟುಕು: 1807ರ ಮಾರ್ಚ್ 29, ಓಲ್ಬರ್ಸ್, ಬ್ರೆಮೆನ್. ಕಥೆ ಬೇಕಾದರೆ ಬೇರೆ ಕಡೆ ಓದಬೇಕು, ಓದಿ ಕೂಡ. ಓಲ್ಬರ್ಸ್ ವೃತ್ತಿಯಲ್ಲಿ ವೈದ್ಯ, 1802ರಲ್ಲೇ ಪಲ್ಲಾಸ್ ಅನ್ನೋ ಇನ್ನೊಂದು ಕ್ಷುದ್ರಗ್ರಹ ಕಂಡುಹಿಡಿದಿದ್ದವರು. ಯಾವುದೋ ಗ್ರಹ ಒಡೆದು ಚೂರಾಗಿದೆ, ಉಳಿದ ಚೂರುಗಳೂ ಸಿಗುತ್ತವೆ ಅಂತ ಅವರ ಊಹೆ. ಆ ಊಹೆ ನಿಲ್ಲಲಿಲ್ಲ, ಆದರೆ ಅದನ್ನೇ ನಂಬಿ ಹುಡುಕುವಾಗ ವೆಸ್ಟಾ ಸಿಕ್ಕಿತು! ಕಕ್ಷೆ ಲೆಕ್ಕ ಹಾಕಿದ್ದೂ ಹೆಸರಿಟ್ಟಿದ್ದೂ ಗಣಿತಜ್ಞ ಗಾಸ್. ಇದಾದ ಮೇಲೆ 1845ರವರೆಗೆ, ಅಂದರೆ 38 ವರ್ಷ, ಯಾರಿಗೂ ಹೊಸ ಕ್ಷುದ್ರಗ್ರಹ ಸಿಗಲಿಲ್ಲ.

ಪಟ್ಟಿಯ ಜೊತೆಗೆ 0ಯಿಂದ 9ರವರೆಗಿನ ಒಂದು ಅಂಕಿ ಇರುತ್ತದೆ, ಅದನ್ನು ತಪ್ಪದೆ ನೋಡಿ. 0 ಅಂದರೆ ಕಕ್ಷೆ ಚೆನ್ನಾಗಿ ಗೊತ್ತು, 9 ಅಂದರೆ ಇನ್ನೂ ಅಂದಾಜು. ವೆಸ್ಟಾಗೆ 0. ಕೆಲವೇ ದಿನ ಕಂಡು ಮರೆಯಾದವುಗಳಿಗೆ ದೊಡ್ಡ ಅಂಕಿ ಬೀಳುತ್ತದೆ, ಅಂಥವುಗಳ ಕಕ್ಷೆ ಹೀಗೇ ಅಂತ ಯಾರಾದರೂ ಬಡಾಯಿ ಕೊಚ್ಚಿದರೆ ಈ ಅಂಕಿ ತೋರಿಸಿ.

ಆಕಾಶದಲ್ಲಿ ಎಲ್ಲಿದೆ ಅಂತ ತಿಳಿಯಲು ಇದೇ ಜೆಪಿಎಲ್‌ನ ಹೊರೈಜನ್ಸ್ ಅನ್ನೋ ಇನ್ನೊಂದು ತಾಣ ಬಳಸಿ. ನಾನಿರುವ ಜಾಗ, ದಿನಾಂಕ ಕೊಟ್ಟೆ, ಬಂದ ಅಂಕಿಗಳನ್ನು ನಕ್ಷತ್ರಪಟದ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡೆ. ಎರಡು ರಾತ್ರಿ ಬಿಟ್ಟು ನೋಡಿದಾಗ ಒಂದು ಚುಕ್ಕಿ ಮಾತ್ರ ಜಾಗ ಬಿಟ್ಟಿತ್ತು, ಪೆನ್ಸಿಲ್ ಗುರುತಿನ ಕಡೆಗೇ.