ಕಾರು ಬಂಗಾರ, ಹಿಂದಿನ ಸೀಟು ಮಾತ್ರ ಪೆಟ್ರೋಲ್ ಬಂಕ್

ಈ ಹ್ಯಾಚ್‌ಬ್ಯಾಕಿನ ಮೈಲೇಜು, ಪಿಕಪ್, ಡಿಕ್ಕಿಯ ಜಾಗದ ಬಗ್ಗೆ ಎಲ್ಲರೂ ಬರೆದಾಗಿದೆ. ವರ್ಷಗಟ್ಟಲೆ ಓಡಿಸಿದ ಮೇಲೂ ಎಂಜಿನ್ ತಕರಾರಿಲ್ಲದೆ ದುಡಿಯುತ್ತಿದೆ, ಸಸ್ಪೆನ್ಷನ್ ಗಟ್ಟಿಯಾಗೇ ಇದೆ. ನಾನು ಬರೆಯಲು ಕೂತದ್ದು ಒಳಗಿನ ಪೆಟ್ರೋಲ್ ವಾಸನೆಯ ಬಗ್ಗೆ.

ಫುಲ್ ಟ್ಯಾಂಕ್ ಮಾಡಿಸಿದ ದಿನ ಬಾಗಿಲು ತೆಗೆದರೆ ಗಪ್ಪೆಂದು ಮೂಗಿಗೆ ಬಡಿಯುತ್ತಿತ್ತು. ಟ್ಯಾಂಕ್ ಅರ್ಧಕ್ಕಿಳಿದರೆ ಮಾಯ. ಸರ್ವಿಸ್ ಸೆಂಟರಿನವರು ಮೊದಲು ಟ್ಯಾಂಕಿನ ಮುಚ್ಚಳ ಬದಲಾಯಿಸಿದರು, ಆಮೇಲೆ ಕಾರಿನ ಕಂಪ್ಯೂಟರ್ ದಾಖಲಿಸುವ ದೋಷದ ಕೋಡ್ ಓದಲು ಸ್ಕ್ಯಾನರ್ ಹಾಕಿ "ಸರ್, ಕೋಡ್ ಏನೂ ಬರ್ತಿಲ್ಲ, ಲೀಕ್ ಇಲ್ಲ" ಅಂದರು. ಆವಿ ಸೋರಿಕೆಗೆ ಪಿ0442, ಪಿ0455 ಅಂತ ಕೋಡ್‌ಗಳಿರುವುದು ನಿಜ. ಆದರೆ ಟ್ಯಾಂಕಿನ ಒತ್ತಡ ಅಳೆಯುವ ವ್ಯವಸ್ಥೆಯೇ ಇಲ್ಲದ ಕಾರಿನಲ್ಲಿ ಆ ಕೋಡ್ ಎಲ್ಲಿಂದ ಬರಬೇಕು? ಕೊನೆಗೆ ಕನ್ನಡಿಗೊಂದು ಏರ್ ಫ್ರೆಶ್ನರ್ ನೇತುಹಾಕಿ ಕಳಿಸಿದರು. ಮಲ್ಲಿಗೆ ಬೆರೆತ ಪೆಟ್ರೋಲ್ ಬರೀ ಪೆಟ್ರೋಲಿಗಿಂತ ಕೆಟ್ಟದು.

ಅಲ್ಲಿಂದ ದಿನಾ ಬೆಳಿಗ್ಗೆ ನನ್ನದೇ ತಪಾಸಣೆ ಶುರುವಾಯಿತು. ನಾಲ್ಕು ನಿಮಿಷ ಒಳಗೆ ಕೂತರೆ ಮೂಗು ವಾಸನೆಗೆ ಒಗ್ಗಿಹೋಗುತ್ತದೆ, ಹಾಗಾಗಿ ಮೊದಲ ಉಸಿರನ್ನಷ್ಟೇ ನಂಬಬೇಕು. ಕೀ ತಿರುಗಿಸುವ ಮೊದಲು ಹಿಂದಿನ ಬಾಗಿಲು ತೆಗೆದು ಸೀಟಿನ ಹತ್ತಿರ ಮೂಗು ಹಿಡಿಯುವುದು, ಆಮೇಲೆ ಬಾನೆಟ್ ಎತ್ತುವುದು. ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ರಿಂಗೋ ಪೈಪಿನ ಕ್ಲ್ಯಾಂಪೋ ಸೋರುತ್ತಿದ್ದರೆ ಬಾನೆಟ್ ಕೆಳಗೆ ಗೊತ್ತಾಗಬೇಕು. ಗಾಜಿನ ಬುಡದ ಜಾಲರಿಯಿಂದ ಬ್ಲೋವರ್ ಆ ಆವಿಯನ್ನು ಒಳಗೆಳೆಯುತ್ತದೆ. ನನ್ನದರಲ್ಲಿ ಹೊರಗಾಳಿ ಬಂದ್ ಮಾಡಿ ರೀಸರ್ಕ್ಯುಲೇಷನ್ ಹಾಕಿದಾಗಲೇ ವಾಸನೆ ಜಾಸ್ತಿ. ಅಂದರೆ ಮೂಲ ಮುಂದಿಲ್ಲ. ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿದ್ದರೆ ಪೆಟ್ರೋಲ್ ಹಾಕಿಸಿದ ತಕ್ಷಣ ಗಾಡಿ ಸ್ಟಾರ್ಟ್ ಆಗಲು ಸತಾಯಿಸಬೇಕಿತ್ತು, ಅದೂ ಇಲ್ಲ. ತುಂಬಿದಾಗ ಮಾತ್ರ ನಾತ ಎಂದರೆ ಟ್ಯಾಂಕಿನ ಮೇಲ್ಭಾಗವನ್ನೋ ಪೆಟ್ರೋಲ್ ಇಳಿಯುವ ಪೈಪನ್ನೋ ನೋಡಬೇಕು.

ಪರಿಚಯದ ಮೆಕ್ಯಾನಿಕ್ ಒಬ್ಬರು ಹಿಂದಿನ ಸೀಟು ಎತ್ತಿದರು. ಮ್ಯಾಟಿನ ಕೆಳಗೆ ತಟ್ಟೆಯಗಲದ ತಗಡಿನ ಮುಚ್ಚಳ, ಅದರಡಿ ಫ್ಯುಯೆಲ್ ಪಂಪಿನ ತಲೆ. ಸುತ್ತ ಒಣ ಧೂಳು, ಒಂದು ಬದಿಯಲ್ಲಿ ಮಾತ್ರ ಅರ್ಧಚಂದ್ರದಂತೆ ಕಪ್ಪಗೆ ಒದ್ದೆ. ಹಿಂದೊಮ್ಮೆ ಪಂಪ್ ಬದಲಾಗಿತ್ತು. ಹೊಸ ಪಂಪಿಗೆ ಸಂದು ಮುಚ್ಚುವ ಹಳೇ ರಬ್ಬರ್ ಬಳೆಯನ್ನೇ, ಅಂದರೆ ಓ-ರಿಂಗನ್ನೇ ಕೂರಿಸಿದ್ದರು ಪುಣ್ಯಾತ್ಮರು! ಪೆಟ್ರೋಲ್ ಕುಡಿದ ರಬ್ಬರು ಉಬ್ಬಿರುತ್ತದೆ, ಒಮ್ಮೆ ತೆಗೆದರೆ ಮತ್ತೆ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ನಮ್ಮದು ಒಂದು ಕಡೆ ಮಡಚಿಕೊಂಡಿತ್ತು.

ಇಲ್ಲಿಂದ ಕಾರಿನ ಮೇಲಿನ ನನ್ನ ಸಿಟ್ಟು ಇಳಿಯಿತು. ಸೀಟಿನಡಿ ಇಂಥ ಮುಚ್ಚಳ ಕೊಡದ ಕಾರುಗಳಲ್ಲಿ ಇಷ್ಟು ಕೆಲಸಕ್ಕೆ ಇಡೀ ಟ್ಯಾಂಕ್ ಇಳಿಸಬೇಕು. ಇದನ್ನು ಡಿಸೈನ್ ಮಾಡಿದವರಿಗೆ ದೊಡ್ಡ ನಮಸ್ಕಾರ. ಹೊಸ ರಿಂಗಿಗೆ ಕೊಟ್ಟದ್ದು ಏರ್ ಫ್ರೆಶ್ನರಿಗಿಂತ ಕಡಿಮೆ. ಹಾಗಂತ ಮನೆಯಲ್ಲೇ ಸ್ಪ್ಯಾನರ್ ಹಿಡಿಯಬೇಡಿ: ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್ (ಕಿಡಿ ತಗುಲಿದರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ) ಸುಮಾರು ಮೈನಸ್ 40 ಡಿಗ್ರಿ, ಆವಿ ಗಾಳಿಗಿಂತ ಭಾರ, ಕಾಲಡಿಯಲ್ಲೇ ನಿಂತಿರುತ್ತದೆ. ಆತ ಗಾಡಿಯನ್ನು ಬಯಲಿಗೆ ತಂದು, ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿದ ಮೇಲೇ ಪಂಪಿಗೆ ಕೈ ಹಾಕಿದ್ದು.

ಸೀಟಿನ ಸ್ಪಂಜಿಗೆ ಹಿಡಿದ ವಾಸನೆ ಹೋಗಲು ಮಾತ್ರ ವಾರಗಳೇ ಬೇಕಾದವು. ಬಂಕಿನಲ್ಲಿ ನಾಝಲ್ ಮೊದಲ ಸಲ ಕಟ್ ಆದ ಕೂಡಲೇ ಈಗ "ಸಾಕು" ಅಂದುಬಿಡುತ್ತೇನೆ. 10 ಡಿಗ್ರಿ ಬಿಸಿ ಏರಿದರೆ 40 ಲೀಟರ್ ಪೆಟ್ರೋಲ್ ಸುಮಾರು 400 ಮಿಲಿಲೀಟರ್ ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಟ್ಯಾಂಕಿನ ಆವಿ ಹೀರಿಕೊಳ್ಳುವ ಇದ್ದಿಲಿನ ಕ್ಯಾನಿಸ್ಟರಿಗೆ ನುಗ್ಗಿ ಅದನ್ನೂ ಹಾಳುಮಾಡುತ್ತದೆ.

ನಾಲ್ಕೂವರೆ ಸ್ಟಾರ್. ಅರ್ಧ ಕಡಿಮೆ ಕೊಟ್ಟದ್ದು ಆ ತಗಡಿನ ಮುಚ್ಚಳದ ತೆಳು ಫೋಮಿಗೆ: ಅದು ಗಟ್ಟಿಯಾಗಿದ್ದರೆ ಆವಿ ಒಳಗೇ ಬರುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟ್ಯಾಂಕ್ ತುಂಬಿಸಿ ಟ್ರಯಲ್ ನೋಡಿ, ಸೀಟಿನಡಿಯ ಸ್ಕ್ರೂಗಳ ತಲೆ ಸವೆದಿದ್ದರೆ ಪಂಪ್ ಬಿಚ್ಚಿದ ಬಿಲ್ಲು ಕೇಳಿ, ಅದರಲ್ಲಿ ಓ-ರಿಂಗ್ ನಮೂದಾಗಿದೆಯೇ ಓದಿ.