ಮಾಡ್ ಆರ್ಗನೈಸರ್ 2: ನೂರಾರು ಮಾಡ್ ಹಾಕಿದ ಸ್ಕೈರಿಮ್ ಜೊತೆ ವರ್ಷಗಳ ಬಳಕೆ

ಸ್ಕೈರಿಮ್ ಎಂಬ ಕಂಪ್ಯೂಟರ್ ಆಟಕ್ಕೆ ಮಾಡ್‌ಗಳನ್ನು, ಅಂದರೆ ಅಭಿಮಾನಿಗಳು ತಯಾರಿಸುವ ಬದಲಾವಣೆ, ಸೇರ್ಪಡೆಗಳನ್ನು ಜೋಡಿಸಿಕೊಡುವ ಮಾಡ್ ಆರ್ಗನೈಸರ್ 2 ಹಾಕಿಕೊಂಡರೆ ಆಟ ಕ್ರ್ಯಾಶ್ ಆಗುವುದು (ತಾನಾಗಿ ಮುಚ್ಚಿಹೋಗುವುದು) ನಿಂತುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಮಾಡಿಕೊಡುವ ಉಪಕಾರ ಬೇರೆ. ಕ್ರ್ಯಾಶ್ ಆದಾಗ ತಪ್ಪು ಯಾವ ಮಾಡ್‌ನಲ್ಲಿದೆ ಎಂದು ಹುಡುಕುವ ದಾರಿಯನ್ನು ಅದು ತೆರೆದಿಡುತ್ತದೆ. ಆಟವನ್ನು ಪೂರ್ತಿ ಅಳಿಸಿ ಮತ್ತೆ ಹಾಕುವ ಕೆಲಸವನ್ನು ನಾನು ಬಿಟ್ಟು ವರ್ಷಗಳಾಗಿವೆ, ಅದಕ್ಕೆ ಈ ಉಚಿತ ತಂತ್ರಾಂಶವೇ ಕಾರಣ.

ನನ್ನದು 2016ರಲ್ಲಿ ಬಂದ 64 ಬಿಟ್ ಸ್ಪೆಷಲ್ ಎಡಿಷನ್. ಚಿಕ್ಕಮಗಳೂರಿನ ಮನೆಯಲ್ಲಿರುವ ಕಂಪ್ಯೂಟರ್‌ನಲ್ಲಿ 16 ಜಿಬಿ ರ‍್ಯಾಮ್, 6 ಜಿಬಿ ಗ್ರಾಫಿಕ್ಸ್ ಮೆಮೊರಿ ಇದೆ. ಇಂದಿನ ಲೆಕ್ಕದಲ್ಲಿ ಇದು ಸಾಧಾರಣ ಯಂತ್ರ. ಅಂಥ ಯಂತ್ರದಲ್ಲಿ ನೂರಾರು ಮಾಡ್‌ಗಳನ್ನು ನಡೆಸುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಇದರ ಜೀವಾಳ ಒಂದೇ: ಮಾಡ್‌ಗಳ ಫೈಲ್‌ಗಳನ್ನು ಆಟದ ಫೋಲ್ಡರ್‌ಗೆ ಸುರಿಯುವುದಿಲ್ಲ. ಪ್ರತಿಯೊಂದು ಮಾಡ್ ತನ್ನದೇ ಫೋಲ್ಡರ್‌ನಲ್ಲಿ ಇರುತ್ತದೆ. ಆಟ ಶುರುವಾದಾಗ ಮಾತ್ರ, ಅವೆಲ್ಲ ಆಟದ ಡೇಟಾ ಫೋಲ್ಡರ್‌ನಲ್ಲೇ ಇವೆ ಎಂಬಂತೆ ಅದಕ್ಕೆ ತೋರಿಸಲಾಗುತ್ತದೆ. ಎರಡು ಮಾಡ್‌ಗಳು ಒಂದೇ ಫೈಲ್ ಕೊಟ್ಟರೆ ಯಾರದು ಗೆಲ್ಲಬೇಕು ಎಂಬುದನ್ನು ಅದರ ಕಿಟಕಿಯ ಎಡಗಡೆಯ ಪಟ್ಟಿ ನಿರ್ಧರಿಸುತ್ತದೆ, ಬಲಗಡೆಯ ಪಟ್ಟಿ ಪ್ಲಗಿನ್‌ಗಳ (ಆಟದ ದಾಖಲೆಗಳನ್ನು ಬದಲಿಸುವ ಫೈಲ್‌ಗಳ) ಸರದಿಯನ್ನು. ಈ ಎರಡು ಪಟ್ಟಿಗಳ ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ಅರ್ಧ ಕಷ್ಟ ಕಳೆದಂತೆ. ಯಾಕೆ ಎನ್ನುವುದಕ್ಕೆ ನನ್ನ ಕಂಪ್ಯೂಟರ್‌ನಲ್ಲೇ ನಡೆದದ್ದನ್ನು ಹೇಳುತ್ತೇನೆ.

ರೋರಿಕ್‌ಸ್ಟೆಡ್ ಎಂಬ ಹಳ್ಳಿಯ ಹತ್ತಿರ ಹೋದ ಕೂಡಲೇ ಆಟ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಯಾವ ದಾರಿಯಿಂದ ಬಂದರೂ ಅದೇ ಜಾಗ, ಅದೇ ಗತಿ. ವಿಂಡೋಸ್ ತೋರಿಸುತ್ತಿದ್ದುದು ‘ಆಕ್ಸೆಸ್ ವಯೊಲೇಶನ್’ ಎಂಬ ದೋಷವನ್ನು. ಊರಿನ ರಿಪೇರಿ ಅಂಗಡಿಯೊಂದರಲ್ಲಿ ತೋರಿಸಿದರೆ, "ರ‍್ಯಾಮ್ ಹೋಗಿದೆ ಸರ್, ಬದಲಿಸಿಬಿಡಿ" ಎಂದರು. ಮನೆಗೆ ಬಂದು ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದೆ, ಒಂದು ದೋಷವೂ ಸಿಗಲಿಲ್ಲ. ಇದನ್ನು ಒತ್ತಿ ಹೇಳಬೇಕು. ಆಕ್ಸೆಸ್ ವಯೊಲೇಶನ್ ಎಂದರೆ ಪ್ರೋಗ್ರಾಮ್ ತನಗೆ ಸಲ್ಲದ ವಿಳಾಸವನ್ನು ಮುಟ್ಟಲು ಹೋಯಿತು ಎಂದಷ್ಟೇ. ಕೆಟ್ಟ ರ‍್ಯಾಮ್ ಕೂಡ ಅದಕ್ಕೆ ಕಾರಣವಾಗಬಹುದು. ಆದರೆ ಮಾಡ್ ಹಾಕಿದ ಆಟದಲ್ಲಿ ಬಹಳ ಸಲ ಅದರ ಹಿಂದೆ ಇರುವುದು ಕೆಟ್ಟ ಫೈಲ್, ಅಥವಾ ಒಂದಕ್ಕೊಂದು ಹೊಂದದ ಎರಡು ಫೈಲ್‌ಗಳು. ದುಡ್ಡು ಖರ್ಚು ಮಾಡುವ ಮೊದಲು ಪರೀಕ್ಷೆ ಮಾಡಿಸಿ.

ಕ್ರ್ಯಾಶ್ ಲಾಗರ್ ಎಂಬ ಮಾಡ್ ಹಾಕಿದ್ದರಿಂದ, ಆಟ ಸತ್ತ ಗಳಿಗೆಯ ವರದಿ ಡಾಕ್ಯುಮೆಂಟ್ಸ್ ಫೋಲ್ಡರ್‌ನೊಳಗೆ ಬಿದ್ದಿತ್ತು. ವರದಿಯ ಮೇಲಿನ ಸಾಲುಗಳು ಬರೀ ವಿಳಾಸಗಳು, ಅವನ್ನು ನೋಡಿ ಗಾಬರಿಯಾಗುವುದು ಬೇಡ. ಕೆಳಗೆ ಇಳಿದು, ಪಾತ್ರದ ಹೆಸರೋ, ನಿಫ್ ಫೈಲಿನ (3ಡಿ ಆಕೃತಿಯ ಫೈಲಿನ) ಹೆಸರೋ ಕಾಣಿಸುತ್ತದೆಯೇ ಎಂದು ಹುಡುಕಬೇಕು. ನನ್ನ ವರದಿಗಳಲ್ಲೆಲ್ಲ ಆ ಹಳ್ಳಿಯ ಒಬ್ಬ ಹೆಂಗಸಿನ ಮುಖದ ಫೈಲೇ ಇತ್ತು. ಆ ಫೈಲ್ ಹೆಸರನ್ನು ಮಾಡ್ ಆರ್ಗನೈಸರ್‌ನ ಬಲಗಡೆಯ ‘ಡೇಟಾ’ ಪುಟದಲ್ಲಿ ಹುಡುಕಿದೆ. ಅದನ್ನು ಯಾವ ಮಾಡ್ ಕೊಡುತ್ತಿದೆ, ಯಾವುದು ಸೋತು ಹಿಂದೆ ನಿಂತಿದೆ ಎಂದು ಅಲ್ಲೇ ತೋರಿಸಿತು. ಮುಖ ಬದಲಿಸುವ ಎರಡು ಮಾಡ್‌ಗಳು ಅವಳೊಬ್ಬಳಿಗಾಗಿ ಜಗಳಕ್ಕೆ ನಿಂತಿದ್ದವು. ಬಲಗಡೆಯ ಪಟ್ಟಿಯಲ್ಲಿ ಒಂದರ ಪ್ಲಗಿನ್ ಗೆದ್ದಿತ್ತು, ಎಡಗಡೆಯಲ್ಲಿ ಇನ್ನೊಂದರ ಮುಖ. ಇಂಥ ಹೊಂದಾಣಿಕೆಯಿಲ್ಲದ ಜೋಡಿಯಿಂದ ಸಾಮಾನ್ಯವಾಗಿ ಮುಖ ಕಪ್ಪಾಗಿ ಕಾಣುತ್ತದೆ, ಕೆಲವೊಮ್ಮೆ ಆಟವೇ ಬಿದ್ದುಹೋಗುತ್ತದೆ. ಎಡಗಡೆಯಲ್ಲಿ ಒಂದು ಸಾಲನ್ನು ಎಳೆದು ಕೆಳಗಿಟ್ಟೆ. ರೋರಿಕ್‌ಸ್ಟೆಡ್ ತೆರೆದುಕೊಂಡಿತು. ಯಾವ ಫೈಲನ್ನೂ ಅಳಿಸಬೇಕಾಗಲಿಲ್ಲ.

ವರದಿಯಲ್ಲಿ ಸುಳಿವು ಸಿಗದಿದ್ದರೆ ಪ್ರೊಫೈಲ್ (ಮಾಡ್‌ಗಳ ಆಯ್ಕೆಯ ಪ್ರತ್ಯೇಕ ಪಟ್ಟಿ) ಸೌಲಭ್ಯ ಕೈಹಿಡಿಯುತ್ತದೆ. ಈಗಿನ ಪ್ರೊಫೈಲಿನ ನಕಲು ಮಾಡಿಕೊಂಡು, ಅದಕ್ಕೆ ಪ್ರತ್ಯೇಕ ಸೇವ್‌ಗಳನ್ನು (ಉಳಿಸಿಟ್ಟ ಆಟಗಳನ್ನು) ಕೊಟ್ಟು, ಅರ್ಧ ಮಾಡ್‌ಗಳನ್ನು ಆಫ್ ಮಾಡಿ, ಕ್ರ್ಯಾಶ್ ನಿಲ್ಲುತ್ತದೆಯೇ ನೋಡಿ. ಹಳೆಯ ಸೇವ್ ತೆರೆಯದೆ, ಮುಖ್ಯ ಮೆನುವಿನಿಂದಲೇ ಕನ್ಸೋಲ್ (ಆದೇಶ ಟೈಪ್ ಮಾಡುವ ಜಾಗ) ತೆರೆದು ‘ಸಿಒಸಿ ರಿವರ್‌ವುಡ್’ (coc riverwood) ಎಂದು ಕೊಟ್ಟರೆ ನೇರ ಆ ಹಳ್ಳಿಗೆ ಹೋಗಬಹುದು. ಈ ಪರೀಕ್ಷೆಯನ್ನು ನಿಮ್ಮ ಹಳೆಯ ಸೇವ್ ಮೇಲೆ ಮಾಡಲೇಬೇಡಿ. ಮಾಡ್ ತೆಗೆದರೂ ಅದರ ಸ್ಕ್ರಿಪ್ಟ್‌ಗಳು ಸೇವ್‌ನೊಳಗೆ ಉಳಿದುಕೊಳ್ಳುತ್ತವೆ.

ಇನ್ನು ಮೆಮೊರಿ. 2011ರ ಮೂಲ ಸ್ಕೈರಿಮ್ 32 ಬಿಟ್ ಆಗಿತ್ತು, ಎಷ್ಟೇ ರ‍್ಯಾಮ್ ಇದ್ದರೂ 4 ಜಿಬಿಗಿಂತ ಆಚೆಗೆ ಅದರ ಕೈ ಚಾಚುತ್ತಿರಲಿಲ್ಲ. ಆ ಕಾಲದ ಮೆಮೊರಿ ಸಲಹೆಗಳು ಇಂದಿಗೂ ಕೈಯಿಂದ ಕೈಗೆ ದಾಟುತ್ತಿವೆ. ಅವುಗಳಲ್ಲಿ ಬಹುಪಾಲು ಸ್ಪೆಷಲ್ ಎಡಿಷನ್‌ಗೆ ಬೇಕಿಲ್ಲ. ಯುಗ್ರಿಡ್ಸ್ ಸಂಖ್ಯೆಯನ್ನು (ಸುತ್ತಲಿನ ಎಷ್ಟು ಪ್ರದೇಶವನ್ನು ಆಟ ಪೂರ್ತಿ ತೆರೆದಿಡಬೇಕು ಎಂಬ ಸೆಟ್ಟಿಂಗ್) 5ರಿಂದ 7ಕ್ಕೋ 9ಕ್ಕೋ ಏರಿಸಿ ಎಂಬ ಸಲಹೆಯಂತೂ ಹಾನಿಕರ. ಅದು ಸೇವ್‌ನಲ್ಲಿ ಅಂಟಿಕೊಳ್ಳುತ್ತದೆ, ಸುಮ್ಮನೆ ಹಿಂದಕ್ಕೆ ಇಳಿಸಲಾಗದು.

ಹೊಸ ಆವೃತ್ತಿಯಲ್ಲಿ ಸಾಮಾನ್ಯವಾಗಿ ಕಾಡುವುದು ವಿಂಡೋಸ್‌ನ ಪೇಜ್ ಫೈಲ್, ಅಂದರೆ ಮೆಮೊರಿಗೆ ಬೆಂಬಲವಾಗಿ ಡಿಸ್ಕ್‌ನಲ್ಲಿ ಇಡುವ ಜಾಗ. ರ‍್ಯಾಮ್ ಸಾಕಷ್ಟಿದೆ ಎಂದು ಅದನ್ನು ಆಫ್ ಮಾಡಿಬಿಟ್ಟವರು ಬಹಳ. ಆದರೆ ಪ್ರೋಗ್ರಾಮ್‌ಗಳು ಕೇಳುವ ಮೆಮೊರಿಗೆ ವಿಂಡೋಸ್ ಭರವಸೆ ಕೊಡುವುದು ರ‍್ಯಾಮ್ ಮತ್ತು ಪೇಜ್ ಫೈಲ್ ಎರಡನ್ನೂ ಕೂಡಿಸಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ‘ಕಮಿಟೆಡ್’ ಎಂಬ ಸಾಲನ್ನು ನೋಡಿ. ಅಲ್ಲಿ ಎಡಗಡೆಯ ಅಂಕಿ ಬಲಗಡೆಯದನ್ನು ಮುಟ್ಟಿದರೆ, ರ‍್ಯಾಮ್ ಇನ್ನೂ ಖಾಲಿ ಇರುವಂತೆ ಕಂಡರೂ ಆಟಕ್ಕೆ ಮೆಮೊರಿ ಸಿಗುವುದಿಲ್ಲ. ಎಸ್‌ಎಸ್‌ಡಿ ಮೇಲೆ ಕನಿಷ್ಠ 20 ಜಿಬಿ ಪೇಜ್ ಫೈಲ್ ಇಟ್ಟ ಮೇಲೆ ನನ್ನಲ್ಲಿ ಆ ಬಗೆಯ ಕ್ರ್ಯಾಶ್ ಮತ್ತೆ ಬಂದಿಲ್ಲ. ಜೊತೆಗೆ ಎಂಜಿನ್ ಫಿಕ್ಸಸ್ ಎಂಬ ಮಾಡ್ ಹಾಕಿಕೊಳ್ಳಲೇಬೇಕು. ಆಟದ ಹಳೆಯ ಮೆಮೊರಿ ನಿರ್ವಹಣೆಯನ್ನು ಅದು ಬದಲಿಸುತ್ತದೆ, ಏಕಕಾಲಕ್ಕೆ 512 ಫೈಲ್ ಮಾತ್ರ ತೆರೆಯಬಹುದೆಂಬ ಮಿತಿಯನ್ನೂ ಏರಿಸುತ್ತದೆ.

ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ವಿಷಯದಲ್ಲಿ ಆಸೆಗೆ ಕಡಿವಾಣ ಬೇಕು. 4096 ಅಗಲ, 4096 ಎತ್ತರದ ಒಂದು ಚಿತ್ರ ಬಿಸಿ7 ವಿಧಾನದಲ್ಲಿ ಸಂಕುಚಿತವಾಗಿದ್ದರೂ 16 ಎಂಬಿ, ದೂರಕ್ಕೆ ಬೇಕಾದ ಚಿಕ್ಕ ಪ್ರತಿಗಳು ಸೇರಿದರೆ ಸುಮಾರು 21 ಎಂಬಿ. ಅದೇ ವಸ್ತುವಿನ ಉಬ್ಬುತಗ್ಗಿಗೆ ಇನ್ನೊಂದು ಚಿತ್ರ, ಅದೂ ಅಷ್ಟೇ ದೊಡ್ಡದು. 2048ಕ್ಕೆ ಇಳಿಸಿದರೆ ನಾಲ್ಕನೇ ಒಂದು ಭಾಗ ಸಾಕು. ಒಂದು ಮಡಕೆಗೋ ಚಮಚಕ್ಕೋ 4ಕೆ ಟೆಕ್ಸ್‌ಚರ್ ಹಾಕುವುದರಲ್ಲಿ ಯಾವ ಅರ್ಥವೂ ಇಲ್ಲ. ಬೆಟ್ಟ, ನೆಲ, ಮರದ ಕಾಂಡಕ್ಕೆ ಬೇಕಾದರೆ ಹಾಕಿ. ನಮ್ಮ ಜಿಲ್ಲೆಯವರಿಗೆ ಬೆಟ್ಟ ಚೆನ್ನಾಗಿ ಕಾಣಬೇಕೆಂಬ ಹಟ ಇರುವುದು ಸಹಜವೇ. ಗ್ರಾಫಿಕ್ಸ್ ಮೆಮೊರಿ ತುಂಬಿದರೆ ಆಟ ತಕ್ಷಣ ಸಾಯುವುದಿಲ್ಲ, ತಡವರಿಸತೊಡಗುತ್ತದೆ. ಆ ತಡವರಿಕೆಯನ್ನು ಎಚ್ಚರಿಕೆ ಎಂದೇ ತಿಳಿಯಿರಿ.

ಆವೃತ್ತಿಗಳ ಬಗ್ಗೆ ಒಂದು ಮಾತು. ಮಾಡ್‌ಗಳಿಗೆ ಹೆಚ್ಚಿನ ಸೌಲಭ್ಯ ಕೊಡುವ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಎಂಬ ಪೂರಕ ತಂತ್ರಾಂಶ ಆಟದ ಆವೃತ್ತಿಗೆ ತಾಳೆಯಾಗಲೇಬೇಕು. 2023ರ ಡಿಸೆಂಬರ್ ಅಪ್‌ಡೇಟ್ ಬಂದಾಗ ಅದನ್ನು ಅವಲಂಬಿಸಿದ ಎಷ್ಟೋ ಮಾಡ್‌ಗಳು ಕೆಲಸ ನಿಲ್ಲಿಸಿದವು. ಆಗಿನಿಂದ ತಯಾರಾದ ಕೆಲವು ಪ್ಲಗಿನ್‌ಗಳು ಹಳೆಯ ಆವೃತ್ತಿಯ ಆಟವನ್ನು ಶುರುವಿನಲ್ಲೇ ಬೀಳಿಸುತ್ತವೆ. ಅದಕ್ಕೆ ಬೀಸ್ ಎಂಬ ಚಿಕ್ಕ ಮಾಡ್ ಮದ್ದು.

ಮಾಡ್ ಆರ್ಗನೈಸರ್‌ನಲ್ಲಿ ನನಗೆ ಹಿಡಿಸದ ಸಂಗತಿಗಳೂ ಇವೆ. ಬೇರೆ ಸಾಧನಗಳು ಹುಟ್ಟುಹಾಕುವ ಫೈಲ್‌ಗಳೆಲ್ಲ ‘ಓವರ್‌ರೈಟ್’ ಎಂಬ ಫೋಲ್ಡರ್‌ಗೆ ಹೋಗಿ ಬೀಳುತ್ತವೆ, ಆಗಾಗ ತೆಗೆದು ವಿಂಗಡಿಸದಿದ್ದರೆ ಹಳೆಯ ಫೈಲ್ ಹೊಸದನ್ನು ಸದ್ದಿಲ್ಲದೆ ಸೋಲಿಸುತ್ತದೆ. ಸ್ಕ್ರಿಪ್ಟ್ ಎಕ್ಸ್‌ಟೆಂಡರ್‌ನ ಮುಖ್ಯ ಫೈಲ್‌ಗಳನ್ನು ಆಟದ ಮೂಲ ಫೋಲ್ಡರ್‌ಗೆ ಕೈಯಾರೆ ಹಾಕಬೇಕು. ಆಟವನ್ನೂ, ಪ್ಲಗಿನ್ ತಿದ್ದುವ ಎಸ್‌ಎಸ್‌ಇ ಎಡಿಟ್‌ನಂಥ ಸಾಧನಗಳನ್ನೂ ಮಾಡ್ ಆರ್ಗನೈಸರ್ ಒಳಗಿನಿಂದಲೇ ಶುರು ಮಾಡಬೇಕು, ಹೊರಗಿನಿಂದ ತೆರೆದರೆ ಅವುಗಳಿಗೆ ಒಂದು ಮಾಡ್ ಕೂಡ ಕಾಣುವುದಿಲ್ಲ. ಹೊಸಬರಿಗೆ ಇದು ತಲೆನೋವೇ ಸರಿ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಸೇವ್ ಆಗುತ್ತಿರುವಾಗಲೇ ಹೋದರೆ ಆ ಫೈಲ್ ಅರ್ಧಕ್ಕೆ ನಿಲ್ಲುತ್ತದೆ, ಆದ್ದರಿಂದ ಚಿಕ್ಕದೊಂದು ಯುಪಿಎಸ್ ಇಡಿ. ಆಟೊಸೇವ್ ಒಂದನ್ನೇ ನಂಬದೆ ಹೊಸ ಹೆಸರಿನ ಸೇವ್‌ಗಳನ್ನೂ ಮಾಡಿಟ್ಟುಕೊಳ್ಳಿ.

ಮೂಡಿಗೆರೆ ಹತ್ತಿರದ ತೋಟದ ಮನೆಗೆ ಹೋಗುವಾಗ ಇಡೀ ಮಾಡ್ ಆರ್ಗನೈಸರನ್ನು ಹೊರಗಿನ ಎಸ್‌ಎಸ್‌ಡಿಯಲ್ಲಿ ಒಯ್ಯುತ್ತೇನೆ. ಶುರುವಿನಲ್ಲೇ ‘ಪೋರ್ಟಬಲ್’ ಆಯ್ಕೆ ಮಾಡಿಕೊಂಡಿದ್ದರಿಂದ ಇದು ಸಾಧ್ಯ. ಅಲ್ಲಿನ ನೆಟ್‌ವರ್ಕ್‌ನಲ್ಲಿ ಮಾಡ್‌ಗಳನ್ನು ಮತ್ತೆ ಇಳಿಸಿಕೊಳ್ಳುವುದು ಆಗದ ಮಾತು. ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಕಡಿಮೆ ಶಕ್ತಿಯದು. ಅದಕ್ಕೆಂದೇ 1ಕೆ ಟೆಕ್ಸ್‌ಚರ್‌ಗಳ ಬೇರೊಂದು ಪ್ರೊಫೈಲ್ ಇಟ್ಟಿದ್ದೇನೆ. ಚಿಕ್ಕಪ್ಪನ ಮಗ ರಜೆಯಲ್ಲಿ ಅದರಲ್ಲೇ ಆಡುತ್ತಾನೆ, ಅವನ ಸೇವ್‌ಗಳು ನನ್ನವುಗಳ ಜೊತೆ ಬೆರೆಯುವುದಿಲ್ಲ. ಒಂದು ಎಚ್ಚರ: ಎರಡೂ ಕಂಪ್ಯೂಟರ್‌ಗಳಲ್ಲಿ ಆಟದ ಆವೃತ್ತಿ ಒಂದೇ ಇರಬೇಕು, ಎಸ್‌ಎಸ್‌ಡಿಗೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಒಂದೇ ಡ್ರೈವ್ ಅಕ್ಷರವನ್ನು ಕಾಯಂ ಮಾಡಿರಬೇಕು. ಅಕ್ಷರ ಬದಲಾದರೆ ಅದರಲ್ಲಿರುವ ಸಾಧನಗಳ ದಾರಿಗಳನ್ನೆಲ್ಲ ಮತ್ತೆ ತೋರಿಸಬೇಕಾಗುತ್ತದೆ.